ಹನ್ನೊಂದನೆಯ ಹತ್ತಿ

2025ರ ನವೆಂಬರ್ 10, ಸೋಮವಾರ, ಬೆಳಿಗ್ಗೆ 9.40. ಕಾರ್ಲ್ಸ್‌ರುಹೆಯ ಪೊಲೀಸ್ ಠಾಣೆಗೆ ಶೈಲೇಶ ಎಂಬಾತ ಬಂದು ದೂರು ಕೊಟ್ಟ. ವಯಸ್ಸು ನಲವತ್ತೊಂದು, ಊರು ಮೈಸೂರು, ಇಲ್ಲಿ ವೇಪ್ ಅಂಗಡಿ. ಸಿಗರೇಟು ಬಿಟ್ಟವರು ಬ್ಯಾಟರಿ ಕೊಳವೆಯಲ್ಲಿ ಎಳೆಯುವ ಪರಿಮಳದ ದ್ರವವನ್ನು ಅಲ್ಲೇ ಬೆರೆಸಿ ಮಾರುತ್ತಾರೆ. ಭಾನುವಾರ ಅಂಗಡಿ ಮುಚ್ಚಿದ್ದಾಗ ಯಾರೋ ಒಳಗೆ ಹೋಗಿ ಒಂದೇ ಒಂದು ಬಾಟಲಿ ಕದ್ದಿದ್ದಾರೆ ಎಂಬುದು ದೂರು.

ಅವನ ಜರ್ಮನ್ ಮೂರನೇ ವಾಕ್ಯಕ್ಕೇ ಕುಂಟತೊಡಗಿತು. ಇನ್‌ಸ್ಪೆಕ್ಟರ್ ರಫಿಯಾ, "ಕನ್ನಡದಲ್ಲೇ ಹೇಳಿ," ಎಂದಳು. ಶಿವಮೊಗ್ಗದಲ್ಲಿ ಹುಟ್ಟಿ ಒಂಬತ್ತನೇ ವಯಸ್ಸಿಗೆ ಇಲ್ಲಿಗೆ ಬಂದವಳು ಆಕೆ. ಶೈಲೇಶನಿಗೆ ಹೋದ ಜೀವ ಬಂದಂತಾಯಿತು.

"ಏನಿತ್ತು ಬಾಟಲಿಯಲ್ಲಿ?"

"ಹಲಸಿನ ಹಣ್ಣಿನ ಫ್ಲೇವರ್ ಮೇಡಂ. ನಮ್ಮ ಮಲ್ಲಣ್ಣ ಎಂಟು ತಿಂಗಳು ಕೂತು ಮಾಡಿದ್ದು. ಬುಧವಾರ ದೊಡ್ಡ ಬಯರ್ ಬರ್ತಾರೆ, ಅವರೆದುರಿಗೆ ಮಲ್ಲಣ್ಣ ರುಚಿ ನೋಡಿ ವಿವರಿಸ್ಬೇಕಿತ್ತು."

"ಬೀಗ?"

"ಒಡೆದಿಲ್ಲ. ಕೀ ಮೂರು. ನಂದು, ಮಲ್ಲಣ್ಣಂದು, ಪಾರ್ಟ್ ಟೈಮ್ ಹುಡುಗಿ ಫಲಕ್‌ದು."

"ಅನುಮಾನ ಯಾರ ಮೇಲೆ?"

"ತಾನು ಮಾಡಿದ್ದನ್ನ ಮಲ್ಲಣ್ಣ ತಾನೇ ಯಾಕೆ ಕದೀತಾರೆ? ಫಲಕ್ಕೇ ಮೇಡಂ. ಸರಿಯಾಗಿ ಬುಧವಾರಕ್ಕೇ ರಜಾ ಕೇಳಿದಾಳೆ."

ಎಫ್‌ಐಆರ್ ಆಯಿತು. ಶಂಕಿತರ ಜಾಗದಲ್ಲಿ ಫಲಕ್ ಹೆಸರು ಬಿತ್ತು.

11.15ಕ್ಕೆ ರಫಿಯಾ ಮತ್ತು ಕಾನ್‌ಸ್ಟೇಬಲ್ ಹೋಲ್ಗರ್ ಅಂಗಡಿಯಲ್ಲಿ ಪಂಚನಾಮೆ ಶುರುಮಾಡಿದರು. ರುಚಿ ನೋಡುವ ಕಟ್ಟೆಯ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಒಂದು ಸಾದಾ ಉಕ್ಕಿನ ಅಟಮೈಜರ್, ಅಂದರೆ ದ್ರವ ಕಾಯಿಸಿ ಹಬೆಯಾಗಿಸುವ ಭಾಗ, ಬ್ಯಾಟರಿಯ ಮೇಲೆ ಕೂತಿತ್ತು. ಶನಿವಾರ ಖಾಲಿ ಮಾಡಿದ್ದ ಕಸದ ಬುಟ್ಟಿಯಲ್ಲಿ ಒದ್ದೆ ಹತ್ತಿಯ ಹತ್ತು ತುಣುಕುಗಳಿದ್ದವು. ಹನ್ನೊಂದನೆಯದು ಅಟಮೈಜರಿನ ಒಳಗೇ ಇತ್ತು, ಇದ್ದಿಲಿನಷ್ಟು ಕಪ್ಪಾಗಿ.

ಫಲಕ್ ಬಂದಳು. ಇಪ್ಪತ್ತಾರು ವರ್ಷ, ದಾವಣಗೆರೆಯವಳು, ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಮಾಸ್ಟರ್ಸ್. ದಿನಕ್ಕೆ ನಾಲ್ಕು ಗಂಟೆ ಇಲ್ಲಿ ಕೆಲಸ.

"ಬುಧವಾರ ರಜಾ ಯಾಕೆ?"

"ಎಕ್ಸಾಮ್ ಐತ್ರಿ ಮೇಡಂ. ಹಾಲ್ ಟಿಕೆಟ್ ತೋರಿಸ್ತೀನಿ. ಮೇಡಂ, ಗುರುವಾರ ಔಸ್‌ಲೆಂಡರ್‌ಬೆಹೋರ್ಡೆಯಲ್ಲಿ ನನ್ನ ಟೆರ್ಮಿನ್, ಅಪಾಯಿಂಟ್‌ಮೆಂಟ್ ಇದೆ, ವೀಸಾ ರಿನ್ಯೂವಲ್. ಮೂರು ತಿಂಗಳು ಕಾದು ಸಿಕ್ಕಿದ್ದು. ಕೇಸಲ್ಲಿ ಹೆಸರಿದ್ರೆ ಫೈಲ್ ಎತ್ತಿಡ್ತಾರೆ."

ಆಕೆ ಹೇಳಿದ್ದು ನಿಜ. ತನಿಖೆ ಬಾಕಿ ಇರುವವರ ಅರ್ಜಿಯನ್ನು ವಿದೇಶಿಯರ ವೀಸಾ ನೋಡುವ ಆ ಕಚೇರಿ ಮುಟ್ಟುವುದಿಲ್ಲ. ರಫಿಯಾಗೆ ಉಳಿದಿದ್ದು ಮೂರು ದಿನ.

"ಶೋಕೇಸ್‌ನಲ್ಲಿ ಇಷ್ಟು ಬೆಡಗಿನವು ಇರುವಾಗ ರುಚಿ ನೋಡೋಕೆ ಈ ಬಡಪಾಯಿ ಯಾಕೆ?"

"ಮಲ್ಲಣ್ಣನೇ ಆರಿಸಿದ್ದು ಮೇಡಂ. ಟ್ಯಾಂಕ್ ಇಲ್ಲ. ಕಾಯೋ ತಂತಿ ಸುರುಳಿ, ಕಾಯಿಲ್, ಒಂದೇ, ಎರಡೇ ಸ್ಕ್ರೂ. ಹತ್ತಿ ಇಟ್ಟು ಮೂರು ಹನಿ ಬಿಟ್ಟು ಎಳೆಯೋದು. ಮುಂದಿನ ಫ್ಲೇವರ್‌ಗೆ ಹತ್ತಿ ಬದಲಾಯಿಸಿದ್ರೆ ಹಿಂದಿನ ರುಚಿ ಉಳಿಯಲ್ಲ. ಡಬಲ್ ಕಾಯಿಲ್ ಕೇಳಿದೋರಿಗೆ, ರುಚಿ ನೋಡಾಕ ಬಂದೀಯೋ ಹೊಗೆ ಬಿಡಾಕ ಬಂದೀಯೋ ಅಂತ ಬೈತಾರೆ."

"ಹಾಗಾದರೆ ಬಂದವರು ಕೆಲಸ ಗೊತ್ತಿದ್ದವರು. ಹತ್ತು ಸಲ ಹತ್ತಿ ಬದಲಾಯಿಸಿದಾರೆ."

ಫಲಕ್ ಕಪ್ಪು ಹತ್ತಿಯತ್ತ ಬಗ್ಗಿದಳು. "ಇದು ಮಾತ್ರ ಅರ್ಥ ಆಗ್ತಿಲ್ಲ. ಹನಿ ಆರಿದ ಮೇಲೂ ಎಳೆದಿದಾರೆ. ಒಂದು ಸಲಕ್ಕೇ ಬಾಯೆಲ್ಲ ಸುಟ್ಟ ಬಟ್ಟೆ ತರ ಆಗುತ್ರಿ, ತಕ್ಷಣ ಬಿಟ್ಟುಬಿಡ್ತೀವಿ. ಇಷ್ಟು ಕಪ್ಪಾಗೋವರೆಗೂ ಯಾರಿಂದ್ಲೂ ಆಗಲ್ಲ."

ಅಷ್ಟರಲ್ಲಿ ಹೋಲ್ಗರ್ ತಲೆ ಕೆರೆದುಕೊಳ್ಳುತ್ತ ಬಂದ. ಬಾಯಿ ಇಡುವ ತುದಿಯಲ್ಲಿ ತುಟಿಯ ಗುರುತಿಲ್ಲ, ಜೊಲ್ಲಿನ ಪರೀಕ್ಷೆಯಲ್ಲೂ ಏನಿಲ್ಲ. ಆದರೆ ಅದೇ ತುದಿಯ ಸುತ್ತ ಅಂಗೈ ಗುರುತು ಸ್ಪಷ್ಟವಾಗಿದೆ. ಬಾಯಿಡದೆ ಎಳೆದದ್ದು ಹೇಗೆ?

"ಗಿರಾಕಿಗಳೂ ಇದಕ್ಕೇ ಬಾಯಿಡ್ತಾರಾ?" ರಫಿಯಾ ಶೈಲೇಶನನ್ನು ಕೇಳಿದಳು.

"ಒಬ್ಬೊಬ್ಬರಿಗೆ ಒಂದೊಂದು ರಬ್ಬರ್ ತುದಿ ಕೊಡ್ತೀವಿ. ಆ ಡಬ್ಬ ನನ್ನ ಡ್ರಾಯರಲ್ಲಿ, ಬೀಗ ಹಾಕಿರುತ್ತೆ."

"ನನ್ನ ರಬ್ಬರ್ ತುದಿ ಕೀ ಗೊಂಚಲಲ್ಲೇ ಐತೆ," ಎಂದು ಫಲಕ್ ತೋರಿಸಿದಳು.

ರಫಿಯಾ ಗವಸು ತೊಟ್ಟು, ಅಟಮೈಜರಿನ ತುದಿಯನ್ನು ಮುಷ್ಟಿಯೊಳಗೆ ಸೇರಿಸಿ, ಹೆಬ್ಬೆರಳಿನ ಬದಿಯನ್ನು ಬಾಯಿಯ ಹತ್ತಿರ ತಂದು ತೋರಿಸಿದಳು. ಚಿಲುಮೆ ಸೇದುವವರು ಹೀಗೇ ಹಿಡಿಯುತ್ತಾರೆ. ಖಾಲಿ ಅಂಗಡಿಯಲ್ಲಿ, ಯಾರೂ ನೋಡದಿದ್ದರೂ, ರಬ್ಬರ್ ತುದಿ ಹಾಕಿಯೇ ಆಗಲಿ, ಹತ್ತು ಜನ ಸೇದಿದ್ದು ಎಂಜಲೇ ಎಂದು, ಅದಕ್ಕೆ ಬಾಯಿಡಲು ಕಳ್ಳನಿಗೆ ಮನಸ್ಸಾಗಿಲ್ಲ. ಎಂಜಲು ಎಂದರೇನೆಂದು ಹೋಲ್ಗರ್‌ಗೆ ತಿಳಿಸಲು ಐದು ನಿಮಿಷ ಹಿಡಿಯಿತು. ಕೊನೆಗೂ ಅವನಿಗೆ ಪೂರ್ತಿ ಅರ್ಥವಾದಂತೆ ಕಾಣಲಿಲ್ಲ. ಆದರೂ ಪಂಚನಾಮೆಯಲ್ಲಿ ಬರೆದುಕೊಂಡ.

"ಇದನ್ನ ಕೊನೆಗೆ ಒರೆಸಿದ್ದು ಯಾವಾಗ?"

"ಶನಿವಾರ ಸಂಜೆ, ನಾನೇ, ಸ್ಪಿರಿಟ್‌ನಲ್ಲಿ," ಎಂದಳು ಫಲಕ್. ತಾನೂ ನೋಡಿದ್ದಾಗಿ ಶೈಲೇಶ ಒಲ್ಲದ ಮನಸ್ಸಿನಿಂದ ಒಪ್ಪಿದ.

ಮಲ್ಲಣ್ಣನನ್ನೂ ಕರೆಸಿ, ಕೀ ಇದ್ದ ಮೂವರ ಅಂಗೈ ಮಾದರಿಯನ್ನೂ ಪಡೆದರು. ಮಂಗಳವಾರ ಮಧ್ಯಾಹ್ನ 3.20ಕ್ಕೆ ಫಲಿತಾಂಶ ಬಂತು. 4.10ಕ್ಕೆ ರಫಿಯಾ, ಹೋಲ್ಗರ್ ಇಬ್ಬರೂ ಎಲ್ಲರೂ ಮಲ್ಲಣ್ಣ ಎನ್ನುವ ಮಲ್ಲಿಕಾರ್ಜುನನ ಮನೆಯ ಬೆಲ್ ಒತ್ತಿದರು. ಹಾವೇರಿ ಕಡೆಯವನು, ಐವತ್ತೆರಡು ವರ್ಷ, ಒಂಟಿ ವಾಸ. ಬಂದವರಿಗೆ ಮೊದಲು ಚಹಾ ಕೊಟ್ಟ. ಚಹಾದಲ್ಲಿ ಶುಂಠಿ ಎಷ್ಟಿತ್ತೆಂದರೆ ಹೋಲ್ಗರ್‌ನ ಕಣ್ಣಲ್ಲಿ ನೀರು ಬಂತು.

"ಭಾನುವಾರ ಮಧ್ಯಾಹ್ನ ಎಲ್ಲಿದ್ರಿ?"

"ಮನ್ಯಾಗ."

"ಅಟಮೈಜರ್ ಮೇಲೆ ನಿಮ್ಮ ಅಂಗೈ ಗುರುತಿದೆ."

"ಅಲ್ಲೇ ದುಡಿಯಾಂವ, ಇರ್ತಾವ್ರಿ."

"ಶನಿವಾರ ಸಂಜೆ ಫಲಕ್ ಒರೆಸಿಟ್ಟಿದ್ದಳು. ಆಮೇಲೆ ಬಿದ್ದ ಗುರುತು."

ಅವನು ತನ್ನ ಲೋಟಕ್ಕೆ ಮತ್ತೆ ಚಹಾ ಬಗ್ಗಿಸಿಕೊಂಡ.

"ಹತ್ತಿ ಸುಟ್ಟು ಕರಿ ಆಗೋವರೆಗೂ ಎಳೆದಿದೀರಿ. ಗೊತ್ತಾಗ್ಲಿಲ್ವಾ?"

ಮಲ್ಲಿಕಾರ್ಜುನ ನಿಜಕ್ಕೂ ಗಾಬರಿಯಾಗಿ ತಲೆಯೆತ್ತಿದ. "ಸುಟ್ಟಿತ್ತೇನ್ರಿ?"

ಇನ್ನು ಕೇಳುವುದು ಹೆಚ್ಚೇನೂ ಉಳಿಯಲಿಲ್ಲ. ಅವನೇ ಎದ್ದು ಹೋಗಿ ಅಂಗಿಗಳ ಹಿಂದಿನಿಂದ ಬಾಟಲಿ ತಂದು ಮೇಜಿನ ಮೇಲಿಟ್ಟ.

"ಹೋದ ವರ್ಷ ಕೊರೊನಾ ಮತ್ತ ಬಂತ್ರಿ. ಜ್ವರ ಹೋತು, ಮೂಗಿಗೆ ವಾಸನಿ ಬರಲೇ ಇಲ್ಲ. ಉಪ್ಪು, ಖಾರ ತಿಳೀತಾವ, ಪರಿಮಳ ಅನ್ನೋದು ಇಲ್ಲ. ಭಾನುವಾರ ಹನ್ನೊಂದು ಫ್ಲೇವರ್ ನೋಡಿದೆ, ಒಂದಾದ್ರೂ ಬರ್ತೈತೇನೋ ಅಂತ. ಬರಲಿಲ್ಲ. ಬುಧವಾರ ಆ ಮನಷ್ಯಾ ಬ್ಯಾರೆ ಬಾಟ್ಲಿ ಕೊಟ್ಟು, ಇದು ಹೆಂಗೈತಿ ಅಂದ್ರ ಏನ್ ಹೇಳ್ಲಿ? ಮಾಲೇ ಇಲ್ಲಂದ್ರ ಬರಂಗಿಲ್ಲಲ್ಲ ಅಂತ ತಂದೆ."

"ಫಲಕ್ ಮೇಲೆ ಕೇಸ್ ಆಗಿದ್ದು ಗೊತ್ತಿತ್ತಾ? ಅವಳ ವೀಸಾ ವಿಷಯ?"

"ಗೊತ್ತಿತ್ರಿ." ಬಾಟಲಿಯ ಮುಚ್ಚಳ ತಿರುಗಿಸುತ್ತ, "ಮೂವತ್ತು ವರ್ಷ ಮೂಗಿನ ಮ್ಯಾಲೆ ಅನ್ನ ತಿಂದೀನಿ. ಬಾಯಿ ಬಿಡಾಕ ಆಗಲಿಲ್ಲ," ಎಂದ.

5.05ಕ್ಕೆ ದಸ್ತಗಿರಿ. ಇಂಥ ಸಣ್ಣ ಅಪರಾಧಕ್ಕೆ ಲಾಕಪ್ ಇಲ್ಲ. ಠಾಣೆಯಲ್ಲಿ ಹೇಳಿಕೆಗೆ ಸಹಿ ಹಾಕಿಸಿ ಮನೆಗೆ ಕಳಿಸಿದರು. ಫಲಕ್ ನಿರ್ದೋಷಿ ಎಂಬ ಪತ್ರವನ್ನು ರಫಿಯಾ 6.10ಕ್ಕೆ ಔಸ್‌ಲೆಂಡರ್‌ಬೆಹೋರ್ಡೆಗೆ ಫ್ಯಾಕ್ಸ್ ಮಾಡಿದಳು. ಜರ್ಮನಿಯಲ್ಲಿ ಇನ್ನೂ ಫ್ಯಾಕ್ಸಿಗೇ ಮರ್ಯಾದೆ. ಆಮೇಲೆ ಫಲಕ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.



"ಒಂದು ವರ್ಷದಿಂದ ಪ್ರತಿ ಫ್ಲೇವರೂ ನನ್ನ ಕೈಗೇ ಕೊಟ್ಟು, ಏನು ಬಂತು ಹೇಳು ಅಂತಿದ್ರು ಮೇಡಂ. ಪಾಠ ಹೇಳ್ಕೊಡ್ತಿದಾರೆ ಅಂದ್ಕೊಂಡಿದ್ದೆ."

"ಹಲಸಿಗೂ?"

"ಹಲಸಿಗೂ. ಏಲಕ್ಕಿ ಜಾಸ್ತಿ ಆಯ್ತು ಅಂದೆ, ಕಮ್ಮಿ ಮಾಡಿದ್ರು. ಒಂದು ಮಾತು ಹೇಳಿದ್ರೆ ಎಕ್ಸಾಮ್ ಮುಗಿಸಿ ಓಡಿ ಬಂದು ಪಕ್ಕದಲ್ಲಿ ನಿಲ್ತಿದ್ದೆ. ನನ್ನ ವೀಸಾ ಹೋದ್ರೂ ಸರಿ, ನನ್ನನ್ನ ಕೇಳೋದು ಮಾತ್ರ ಆಗ್ಲಿಲ್ಲ ಅಲ್ವಾ ಮೇಡಂ ಅವರಿಗೆ?"

ಗುರುವಾರ 10.30ಕ್ಕೆ ಫಲಕ್‌ಳ ವೀಸಾ ನವೀಕರಣವಾಯಿತು. ಆ ಅಂಗಡಿಗೆ ಅವಳು ಮತ್ತೆ ಹೋಗಲಿಲ್ಲ.