ಬೇಲಿಗೆ ಶಾರ್ಟ್ ಕಟಿಂಗ್

ತೋಟಗಾತಿಗೆ ಸಿಟ್ಟು ಬಂದರೆ ಬೀದಿನಾಯಿಗಳು ಬೊಗಳುವುದನ್ನು ನಾಳೆಗೆ ಇಟ್ಟುಕೊಳ್ಳುತ್ತಿದ್ದವು. ಆ ಬೆಳಿಗ್ಗೆ ಬಂದದ್ದು ಬರೀ ಸಿಟ್ಟಲ್ಲ, ಸಿಟ್ಟಿನ ಅಪ್ಪ.

ಕೈ ಉಳುಕಿ ಹತ್ತು ದಿನ ರಜೆ ಹಾಕಿದ್ದಳು. ವಾಪಸ್ ಬಂದು ನೋಡಿದರೆ, ಗ್ರಂಥಾಲಯದ ತೋಟದಲ್ಲಿ ಒಂಬತ್ತು ವರ್ಷ ತಾನೇ ಬೆಳೆಸಿದ ಸೈಪ್ರಸ್ ಬೇಲಿಯ ನಡುವೆ ಆಳೆತ್ತರದ ತೂತು! ತೂತಿನಾಚೆ ಕಟಿಂಗ್ ಶಾಪು. ಬಾಗಿಲಲ್ಲಿ ಅದರ ಯಜಮಾನ, ಬಹುಮಾನ ಕೊಡುತ್ತಾರೇನೋ ಎಂಬಂತೆ ನಗುತ್ತ ನಿಂತಿದ್ದ.

"ನಿಮ್ಮ ಕೈಗೆ ನೋವಲ್ವಾ, ಅದಕ್ಕೇ ನಿನ್ನೆ ಸಂಜೆ ನಾನೇ ಕತ್ತರಿಸ್ದೆ. ಸ್ವಲ್ಪ ಶಾರ್ಟ್ ಆಯ್ತು."

"ಸ್ವಲ್ಪಾನಾ?"

"ಒಂದು ತಿಂಗಳು. ಬೆಳ್ಕೊಳ್ಳತ್ತೆ ಬಿಡಿ."

"ಅಯ್ಯೋ ಮಹಾನುಭಾವ, ಇದೇನು ತಲೆಕೂದಲಾ? ಹಸಿರಿರೋ ತುದಿ ಮಾತ್ರ ಕತ್ತರಿಸ್ಬೇಕು. ಒಳಗಿನ ಕಂದು ಕಡ್ಡಿಗೆ ಕತ್ತರಿ ಹಾಕಿದ್ರೆ ಜನ್ಮದಲ್ಲಿ ಚಿಗುರಲ್ಲ!"

ನಗು ಇಳಿಯಿತು. "ಬೋಳೇ ಅಂತೀರಾ?"

"ಶಾಶ್ವತ ಬೋಳು! ಹನ್ನೊಂದಕ್ಕೆ ಗ್ರಂಥಾಲಯದ ಸಾಹೇಬ್ರು ತೋಟದ ತಪಾಸಣೆಗೆ ಬರ್ತಾರೆ. ಇನ್ನೊಂದು ತಪ್ಪು ಕಂಡ್ರೆ ಕೆಲಸದಿಂದ ತೆಗೀತೀನಿ ಅಂದಿದಾರೆ. ನನ್ನ ಒಂಬತ್ತು ವರ್ಷಾನ ನುಂಗಿ ನೀರು ಕುಡಿದ್ಬಿಟ್ಟೆ ನೀನು!"

ಮೂರು ವರ್ಷದ ಪರಿಚಯದಲ್ಲಿ ಅವಳ ಬಾಯಲ್ಲಿ 'ನೀನು' ಬಂದದ್ದು ಇದೇ ಮೊದಲು. ಅವನ ಕಿವಿ ಕೆಂಪಾದವು. ಶಾಪಿನೊಳಗೆ ಓಡಿ, ಗಿರಾಕಿಗೆ ಹೊದಿಸುವ ಹಸಿರು ಬಟ್ಟೆ ಸುತ್ತಿಕೊಂಡು ಬಂದ. ಬಿದ್ದಿದ್ದ ಕೊಂಬೆಗಳನ್ನೆಲ್ಲ ಸೊಂಟಕ್ಕೆ, ಕೊರಳಿಗೆ, ತಲೆಗೆ ಸಿಕ್ಕಿಸಿಕೊಂಡು ತೂತಿನಲ್ಲಿ ನಿಂತ.

"ಇದೇನು ವೇಷ?"

"ಬೇಲಿ."

ಅಳತೆ ಒಂದಿಂಚೂ ತಪ್ಪಲಿಲ್ಲ. ಅವಳು ಹಲ್ಲು ಕಚ್ಚಿ, ಅವನ ಭುಜದಾಚೆ ಚಾಚಿದ ತುದಿಗಳನ್ನು ಕತ್ತರಿಯಿಂದ ಸಮ ಮಾಡತೊಡಗಿದಳು. ಎಲೆಗಳ ನಡುವೆ ಎರಡು ಕಣ್ಣು. ಒಂದು ಗೇಣು ದೂರ, ಅಷ್ಟೇ.

"ಕಣ್ಣು ಮುಚ್ಚು. ಬೇಲಿ ಹಾಗೆಲ್ಲ ನೋಡಲ್ಲ."

"ಮೊದ್ಲು ಶಾಪಿಂದ ನೀವು ಪೂರ್ತಿ ಕಾಣ್ತಿದ್ರಿ. ಬೇಲಿ ಬೆಳೀತು, ಬರೀ ಟೋಪಿ ಕಾಣ್ತಿತ್ತು. ಆಮೇಲೆ ಕತ್ತರಿ ಸದ್ದು ಮಾತ್ರ. ಈ ಹತ್ತು ದಿನ ಅದೂ ಇಲ್ಲ. ನಿಮ್ಮ ಕೈನೋವು ನಂಗೆ ಕತ್ತರಿ ಹಿಡಿಯೋಕೆ ಒಂದು ನೆಪ ಅಷ್ಟೆ."

ಕತ್ತರಿ ನಿಂತಿತು.

"ಅದಕ್ಕೆ ಬೇಲೀನೇ ಕಡಿಯೋದಾ? ಗೇಟಲ್ಲಿ ಬಂದು ಮಾತಾಡಕ್ಕೇನು ರೋಗ?"

"ನಿಮ್ಮ ಸಿಟ್ಟಿಗೆ ಹೆದರಿ..."

"ಬಾಯ್ಮುಚ್ಚು. ಬಂದ್ರು."

ಸಾಹೇಬರು ಬೇಲಿಯುದ್ದಕ್ಕೂ ನಡೆದು, ಅವನ ಮುಂದೆಯೇ ನಿಂತು ಕನ್ನಡಕ ಏರಿಸಿದರು. ಗುಬ್ಬಿಯೊಂದು ಅವನ ನೆತ್ತಿಯ ಮೇಲೆ ಕೂತು, ಗೂಡಿಗೆ ಜಾಗ ಅಳೆಯಿತು. ಅವನು ಉಸಿರಾಡಲಿಲ್ಲ. ಅವಳೂ.

"ಇಲ್ಲಿ ಚೆನ್ನಾಗಿ ದಟ್ಟವಾಗಿದೆ," ಎಂದರು ಸಾಹೇಬರು. "ಉಳಿದದ್ದೂ ಹೀಗೇ ಇರ್ಲಿ." ಹೊರಟೇಹೋದರು.

ಅವನು ಮೆಲ್ಲಗೆ ಕೇಳಿದ, "ಕೆಲಸ ಉಳೀತಲ್ಲಾ?"

"ತಪಾಸಣೆ ತಿಂಗಳಿಗೊಂದ್ಸಲ ಇರತ್ತೆ. ಈ ತೂತು ಯಾವತ್ತೂ ತುಂಬಲ್ಲ."

"ಮತ್ತೆ?"

"ಮತ್ತೇನು, ಜೀವನಪೂರ್ತಿ ಬಂದು ನಿಲ್ಲು!" ಅವಳ ದನಿ ಇನ್ನೂ ಕುದಿಯುತ್ತಿತ್ತು. "ನಾಳೆ ನಿಮ್ಮಮ್ಮನ್ನ ನಮ್ಮನೆಗೆ ಕರ್ಕೊಂಡ್ ಬಾ. ಮದುವೆ ಆದ್ಮೇಲೆ ನನ್ನ ಒಂದು ಗಿಡ ಮುಟ್ಟು, ಆಮೇಲೆ ಇದೆ ನಿನಗೆ."