ನೆಟ್ಟಗೆ ಮಾಡಿಟ್ಟ ನಾಲ್ಕು ಮೊಳೆ

1852ರ ಸೆಪ್ಟೆಂಬರ್ 14, ಮಂಗಳವಾರ. ಬೆಳಗ್ಗೆ ಎಂಟೂಕಾಲಿಗೆ ಕ್ಯಾಟ್‌ಸ್ಕಿಲ್ ಊರಿನ ಠಾಣೆಗೆ ದೂರು ಬಂತು. ತಂದವರು ಬೆಟ್ಟಗುಡ್ಡಗಳ ಚಿತ್ರ ಬರೆಯುವ ಏಸಾ ಪೆಲ್ಲಟ್.

"ಕಳ್ಳತನ ಆಗಿದೆ. ಗೇಣುದ್ದದ ಹಲಗೆ ಮೇಲಿನ ಚಿತ್ರ."

ಕಾನ್‌ಸ್ಟೇಬಲ್ ಗಾರೆಟ್ ಡುಮಾಂಡ್ ಲೇಖನಿ ಕೆಳಗಿಟ್ಟ. "ಗೇಣುದ್ದದ್ದಾ? ಆ ಚಿನ್ನದ ಚೌಕಟ್ಟಿನ ದೊಡ್ಡ ಚಿತ್ರಾನೇ ಹೋಯ್ತೇನೋ ಅಂದ್ಕೊಂಡೆ ರಾಯರೇ."

"ಅದು ಅಲ್ಲೇ ಇದೆ. ಕಳುವಾದ ಹಲಗೆ ನೋಡ್ಕೊಂಡೇ ಅದನ್ನ ಬರೀತಿರೋದು. ಆ ದೊಡ್ಡದು ಶುಕ್ರವಾರದ ಹಡಗಲ್ಲಿ ನ್ಯೂಯಾರ್ಕಿಗೆ ಹೋಗ್ಬೇಕು."

ಒಂಬತ್ತಕ್ಕೆ ಚಿತ್ರಶಾಲೆಯಲ್ಲಿ ಮಹಜರು. ಬೀಗ ಮುರಿದಿರಲಿಲ್ಲ. ಹಲಗೆಯನ್ನು ಗೋಡೆಗೆ ಹೊಡೆದಿದ್ದ ನಾಲ್ಕು ಮೊಳೆಗಳು ಕಿಟಕಿಕಟ್ಟೆಯ ಮೇಲೆ ಸಾಲಾಗಿದ್ದವು. ಬಾಗಿದ್ದನ್ನು ಬಡಿದು ನೆಟ್ಟಗೆ ಮಾಡಿಡಲಾಗಿತ್ತು. ಹನ್ನೊಂದು ವರ್ಷದ ನೌಕರಿಯಲ್ಲಿ ಡುಮಾಂಡ್ ಇಷ್ಟು ಮರ್ಯಾದಸ್ಥ ಕಳ್ಳನನ್ನು ಕಂಡಿರಲಿಲ್ಲ.

"ಹಲಗೇಲಿ ಏನೇನಿತ್ತು?"

"ಬೆಟ್ಟ, ಹಳ್ಳ, ಮರ."

ಪೆಲ್ಲಟ್ ಬೇಸಿಗೆಯಲ್ಲಿ ಕಂಡಲ್ಲೇ ಬಣ್ಣಗಳನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವವರು. ಡುಮಾಂಡ್ ಆ ಪುಸ್ತಕ ತಿರುವಿದ. 'ಜುಲೈ 1851. ಬೆಟ್ಟ ನೀಲಿ. ಹಳ್ಳದ ದಡದ ಮನೆಯ ಹೊಗೆಗೂಡು ಇಟ್ಟಿಗೆಗೆಂಪು. ಹೆಂಗಸಿನ ಏಪ್ರನ್ ಬಿಳಿ.' ದೊಡ್ಡ ಚಿತ್ರದಲ್ಲಿ ಆ ಜಾಗದಲ್ಲಿ ಬರೀ ಮರಗಳಿದ್ದವು.

"ಮನೆ ಎಲ್ಲಿ?"

"ತೆಗೆದೆ. ನ್ಯೂಯಾರ್ಕಿನೋರಿಗೆ ಕಾಡು ಬೇಕು, ಯಾರದೋ ಮನೆ ಅಲ್ಲ."

"ಹಳೇ ಹಲಗೆ ಏನ್ಮಾಡ್ತೀರಿ?"

"ಕೆಲಸ ಮುಗಿದ್ಮೇಲೆ ಬಣ್ಣ ಹೆರೆದು, ಅದರ ಮೇಲೇ ಹೊಸದು ಬರೀತೀನಿ. ನಿನ್ನೆ ಚಿತ್ರ ಕಳಿಸೋ ಪೆಟ್ಟಿಗೆ ಅಳತೆಗೆ ಬಂದಿದ್ದ ಬಡಗಿಗೂ ಇದನ್ನೇ ಹೇಳ್ತಿದ್ದೆ."

ಡುಮಾಂಡ್ ಪುಸ್ತಕ ಮುಚ್ಚಿದ. ಹಳ್ಳದ ದಡದ ಆ ಮನೆ ಬಡಗಿ ಟೂನಿಸ್ ಓವರ್‌ಬಾನದು; ಚಿತ್ರಶಾಲೆಯ ಬೀಗ ಕೂರಿಸಿದವನೂ ಅವನೇ. ಈ ವರ್ಷದ ಜನವರಿಯ ಜ್ವರ ಅವನ ಹೆಂಡತಿ ಅನ್ನಾಚೆಯನ್ನು ಒಯ್ದಿತ್ತು, ಮಾರ್ಚಿನ ಪ್ರವಾಹ ಮನೆಯನ್ನು.

ಹನ್ನೊಂದೂವರೆಗೆ ಬಡಗಿಯ ಅಂಗಡಿ. ಟೂನಿಸ್ ರೊಟ್ಟಿ ತಿನ್ನುತ್ತಿದ್ದ. ಎದುರಿಗೆ ಹಲಗೆ ಒರಗಿಸಿತ್ತು. ಬಚ್ಚಿಡುವ ಗೋಜಿಗೇ ಹೋಗಿರಲಿಲ್ಲ.

"ಕೇಳಿದ್ರೆ ಕೊಡ್ತಿದ್ರಲ್ಲ ಟೂನಿಸಣ್ಣ."

"ಕೇಳಿ, ಇಲ್ಲ ಅಂದ್ಬಿಟ್ಟಿದ್ರೆ?"

"ಮೊಳೆ ಯಾಕೆ ನೆಟ್ಟಗೆ ಮಾಡಿದೆ?"

"ಬಾಗಿದ್ದನ್ನ ಹಾಗೇ ಬಿಡೋಕಾಗುತ್ತೇನಯ್ಯಾ?"

ಡುಮಾಂಡ್ ಬಗ್ಗಿ ನೋಡಿದ. ಚಿತ್ರದ ಮನೆಯ ಬಾಗಿಲಾಚೆ ಸಾಸಿವೆಯಷ್ಟು ಬಿಳಿ ಚುಕ್ಕೆ. "ಮುಖಾನೇ ಇಲ್ವಲ್ಲ."

"ಎಡಕ್ಕೆ ವಾಲಿ ನಿಂತಿದ್ದಾಳೆ ನೋಡು. ಸೊಂಟನೋವು ಅವಳಿಗೆ. ಈ ಊರಲ್ಲಿ ಬೇರೆ ಯಾರು ಹಾಗೆ ನಿಲ್ತಾರೆ?"

11.40ಕ್ಕೆ ಬಂಧನ. ಡುಮಾಂಡನಿಗೆ ಅಷ್ಟು ಬೇಡವಾದ ಕೆಲಸ ಇನ್ನೊಂದಿರಲಿಲ್ಲ.

ಎರಡಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಹಲಗೆ ಗುರುತಿಸಲು ಪೆಲ್ಲಟ್ ಬಂದರು. ನಡೆದದ್ದನ್ನು ಡುಮಾಂಡ್ ಹೇಳಿದ. ಪೆಲ್ಲಟ್ ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುಖ ಸಪ್ಪಗಾಯಿತು.

"ದೂರು ವಾಪಸ್ ತಗೋತೀನಿ. ಹಲಗೆ ಅವನದೇ. ಆದ್ರೆ ಶುಕ್ರವಾರದವರೆಗೆ ನನಗೆ ಬೇಕು. ಅವನೂ ಬೇಕು."

ಮ್ಯಾಜಿಸ್ಟ್ರೇಟರು ಟೂನಿಸನಿಗೆ ಬುದ್ಧಿ ಹೇಳಿ ಬಿಟ್ಟುಬಿಟ್ಟರು. ಠಾಣೆಯ ಪುಸ್ತಕದಲ್ಲಿ ಅಪರಾಧದ ಕಾರಣವೆಂಬ ಕಡೆ ಡುಮಾಂಡ್ ಬರೆದ: 'ಹೆಂಡತಿಯನ್ನು ಹೆರೆದುಹಾಕುತ್ತಾರೆಂಬ ಭಯ.'

ನಾಲ್ಕಕ್ಕೆ ದೂರು ವಾಪಸಿನ ಕಾಗದಕ್ಕೆ ಸಹಿ ಹಾಕಿಸಲು ಚಿತ್ರಶಾಲೆಗೆ ಹೋದ. ದೊಡ್ಡ ಚಿತ್ರದ ಮರಗಳನ್ನು ಚಾಕುವಿನಿಂದ ಹೆರೆದಾಗಿತ್ತು. ಅಲ್ಲಿ ಕೆಂಪು ಹೊಗೆಗೂಡು ಎದ್ದಿತ್ತು. ಅರ್ಧ ಆದ ಪೆಟ್ಟಿಗೆಯ ಮೇಲೆ ಟೂನಿಸ್ ಕುಳಿತಿದ್ದ.

"ಮನೆ ಬಾಗಿಲು ಹಾಕಿರ್ತಿತ್ತೋ, ತೆಗೆದಿರ್ತಿತ್ತೋ?" ಪೆಲ್ಲಟ್ ತಿರುಗದೆಯೇ ಕೇಳಿದರು.

"ಅವಳು ಇದ್ದಾಗ ತೆಗೆದೇ ಇರ್ತಿತ್ತು, ರಾಯರೇ."

ಪೆಲ್ಲಟ್ ಕುಂಚದಿಂದ ಬಾಗಿಲು ತೆರೆದರು.