ಉಗುರುಗನ್ನಡಿಯೊಳಗಿನ ಪೆಪ್ಪರಮೆಂಟು

ಮೈಲಾರಿ ಬಲಗೈ ಹೆಬ್ಬೆರಳನ್ನು ಯಂತ್ರದ ಕುಳಿಯೊಳಗೆ ಇಟ್ಟ. ಒಳಗೆ ನೀಲಿ ಬೆಳಕು ಹತ್ತಿತು. ಸೂಜಿಯಿಲ್ಲ, ನೋವಿಲ್ಲ. ಎದುರಿನ ಪರದೆಯ ಮೇಲೆ ಅವನ ಉಗುರು ಅಂಗೈಯಗಲವಾಗಿ ಮೂಡಿತು. ಬುಡದಿಂದ ತುದಿಯವರೆಗೆ ಅದರ ತುಂಬ ಕೇಸರಿ ಗೆರೆಗಳು, ಒಂದಕ್ಕೊಂದು ಅಂಟಿಕೊಂಡಷ್ಟು ಒತ್ತಾಗಿ. ಡಾಕ್ಟರ್ ತಬಸ್ಸುಮ್ ನದಾಫ್ ಪರದೆಯನ್ನು ನೋಡಿದರು, ಮೈಲಾರಿಯನ್ನು ನೋಡಿದರು.

"ನೋವಿನ ಗುಳಿಗಿ ತಗೋತೀಯೇನಪಾ?"

"ಇಲ್ರಿ."

"ಬ್ಯಾರೆ ಯಾವ ಔಷಧಾನೂ ಇಲ್ಲ?"

"ನನಗ್ಯಾಕ್ರಿ ಔಷಧ? ನಾ ಗಟ್ಟಿ ಅದೀನಿ."

ಹಾಗೆಂದು ಅವನು ಪಕ್ಕದಲ್ಲಿ ಕೂತಿದ್ದ ಹೆಂಡತಿ ಸುಕನ್ಯಾಳ ಕಡೆ ನೋಡಿದ. ಔಷಧ ಬೇಕಾದವಳು ಅವಳು ಎನ್ನುವಂತಿತ್ತು ಆ ನೋಟ.

ಅದು 2057ನೇ ಇಸವಿ. ಈ ಉಗುರುಗನ್ನಡಿ ಎಂಬುದು ತಬಸ್ಸುಮ್ ಅವರು ಧಾರವಾಡದ ತಮ್ಮ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೂತು ಕಟ್ಟಿದ ಯಂತ್ರ. ಬೆಳೆಯುವ ಉಗುರು ಆ ಹೊತ್ತು ರಕ್ತದಲ್ಲಿ ಏನಿರುತ್ತದೋ ಅದರ ಅಂಶವನ್ನು ಒಂದಿಷ್ಟು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ರಕ್ತ ಪರೀಕ್ಷೆ ಇವತ್ತಿನ ಸುದ್ದಿ ಹೇಳಿದರೆ ಉಗುರು ಕಳೆದ ಅರ್ಧ ವರ್ಷದ್ದನ್ನು ಹೇಳುತ್ತದೆ. ದೇಹಕ್ಕೆ ಯಾವ ರಾಸಾಯನಿಕ ಯಾವಾಗ ಬಂತು, ಅದಕ್ಕೆ ಹಾರ್ಮೋನುಗಳು ಹೇಗೆ ಏರಿಳಿದವು ಎಂಬುದನ್ನು ಯಂತ್ರ ಪದರ ಪದರವಾಗಿ ಓದಿ ಬಣ್ಣದ ಗೆರೆಗಳಲ್ಲಿ ತೋರಿಸುತ್ತಿತ್ತು. ಮಕ್ಕಳಾಗದ ದಂಪತಿಗಳಿಗಾಗಿಯೇ ಅವರು ಅದನ್ನು ಮಾಡಿದ್ದು. ಅವರದೊಂದು ಕಟ್ಟುನಿಟ್ಟು ಇತ್ತು: ಗಂಡನ ಹೆಬ್ಬೆರಳು ಬಾರದೆ ಹೆಂಡತಿಯ ಮೈ ಮುಟ್ಟುವುದಿಲ್ಲ. ಈ ಒಂದು ಮಾತಿಗೆ ಊರಿನ ಅರ್ಧದಷ್ಟು ಗಂಡಸರು ಅವರ ದವಾಖಾನೆಯ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದರು.

ಯಂತ್ರ ಕೆಟ್ಟಿರಬಹುದೆಂದು ತಬಸ್ಸುಮ್ ತಮ್ಮದೇ ಬೆರಳಿಟ್ಟು ನೋಡಿದರು. ಉಗುರು ಖಾಲಿ. ಆಮೇಲೆ ಸುಕನ್ಯಾಳ ಬೆರಳು ಇಡಿಸಿದರು. ನೇರಳೆ, ಹಸಿರು, ಕಂದು, ಒಂದರ ಮೇಲೊಂದು ಗೆರೆ. ಅಂಡಾಶಯವನ್ನು ಉದ್ದೀಪಿಸುವ ಇಂಜೆಕ್ಷನ್ನುಗಳು, ಅವುಗಳಿಂದಾದ ಸಂಕಟಕ್ಕೆ ಮತ್ತೆ ಔಷಧಗಳು. ಬೇರೆ ಬೇರೆ ಆಸ್ಪತ್ರೆಗಳಲ್ಲಿ ಅವಳಿಗೆ ಬಣ್ಣದ ನೀರು ಹಾಯಿಸಿ ನಾಳ ನೋಡಿದ್ದರು, ಹೊಟ್ಟೆಗೆ ತೂತು ಕೊರೆದು ದುರ್ಬೀನು ಇಳಿಸಿದ್ದರು. ಎಲ್ಲೂ ಏನೂ ಸಿಕ್ಕಿರಲಿಲ್ಲ. ಸಿಗದಿದ್ದಾಗ ಇನ್ನೊಮ್ಮೆ ನೋಡೋಣ ಅಂದಿದ್ದರು. ಅವಳ ಪಕ್ಕದಲ್ಲಿ ನಿಂತ ಗಂಡನನ್ನು ನೀನೂ ಒಂದು ಪರೀಕ್ಷೆ ಮಾಡಿಸಪ್ಪಾ ಎಂದು ಒತ್ತಿ ಹೇಳುವ ಧೈರ್ಯ ಯಾವ ಬಿಳಿ ಕೋಟಿಗೂ ಬಂದಿರಲಿಲ್ಲ. ಇಲ್ಲದ ರೋಗಕ್ಕೆ ಅವಳೊಬ್ಬಳೇ ಮೈ ಕೊಟ್ಟಿದ್ದಳು. ತಬಸ್ಸುಮ್ ಅವರಿಗೆ ಆ ಉಗುರನ್ನು ನೋಡಿ ಮೈಯೆಲ್ಲ ಉರಿಯಿತು.

ಮೈಲಾರಿಗೆ ಮಧ್ಯಾಹ್ನದ ಪಾಳಿಗೆ ಹೊತ್ತಾಗುತ್ತಿತ್ತು. ಎದ್ದು ನಿಂತವನು ಜೇಬಿನಿಂದ ಕೇಸರಿ ಬಣ್ಣದ ದುಂಡನೆಯ ಬಿಲ್ಲೆ ತೆಗೆದು ಬಾಯಿಗೆ ಹಾಕಿಕೊಂಡ.

"ಅದೇನು?" ಎಂದರು ಡಾಕ್ಟರ್.

"ಇದು ಗುಳಿಗಿ ಅಲ್ರಿ. ಪೆಪ್ಪರಮೆಂಟು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಊರ ಹೊರಗಿನ ದೊಡ್ಡ ಗೋದಾಮಿನಲ್ಲಿ ಎಲ್ಲರೂ ಅದನ್ನು ಹಾಗೆಯೇ ಕರೆಯುತ್ತಿದ್ದರು. ಜನ ಮೊಬೈಲಿನಲ್ಲಿ ಕೇಳಿದ ಸಾಮಾನು ಸಂಜೆಯೊಳಗೆ ಮನೆ ಮುಟ್ಟಿಸುವ ಕಂಪನಿಯದು ಆ ಗೋದಾಮು. ಚಂದ್ರನ ಮೇಲೆ ಗೋಡೆ ಕಟ್ಟುವ ಯಂತ್ರಗಳು ಬಂದಿದ್ದ ಕಾಲದಲ್ಲೂ ಅಲ್ಲಿ ಪೆಟ್ಟಿಗೆ ಎತ್ತುತ್ತಿದ್ದವರು ಮನುಷ್ಯರೇ. ಯಂತ್ರ ಕೆಟ್ಟರೆ ರಿಪೇರಿ ಖರ್ಚು ಕಂಪನಿಯ ತಲೆಗೆ ಬರುತ್ತದೆ. ಮನುಷ್ಯ ಕೆಟ್ಟರೆ ಮನೆಗೆ ಕಳಿಸಿ ಇನ್ನೊಬ್ಬನನ್ನು ಕರೆದರಾಯಿತು. ಮೈಕೈ ನೋವೆಂದು ಯಾರೂ ರಜೆ ಹಾಕಬಾರದೆಂದು ಕಂಪನಿ ಗೇಟಿನ ಬಳಿ ಪುಕ್ಕಟೆ ಬಿಲ್ಲೆಗಳ ಡಬ್ಬಿ ಇಟ್ಟಿತ್ತು. ಹಿಂದಿನವರು ಅಂಗಡಿಯಲ್ಲಿ ಡಾಕ್ಟರ ಚೀಟಿಯಿಲ್ಲದೆ ಕೊಳ್ಳುತ್ತಿದ್ದ ಸಾಮಾನ್ಯ ನೋವಿನ ಮಾತ್ರೆಯೇ ಅದು. ಕಿತ್ತಳೆಯ ರುಚಿ ಸೇರಿಸಿ ನಾಲಿಗೆಯ ಮೇಲೆ ಕರಗುವ ಹಾಗೆ ಮಾಡಿದ್ದರು ಅಷ್ಟೇ. ಡಬ್ಬಿಯ ಮೇಲೆ ಔಷಧ ಎಂಬ ಮಾತು ಓದಲು ಬಾರದಷ್ಟು ಸಣ್ಣ ಅಕ್ಷರದಲ್ಲಿತ್ತು. ಪಾಳಿಗೆ ಹೋಗುವಾಗ ಒಂದು, ಊಟ ಆದಮೇಲೆ ಒಂದು, ಹುಡುಗರು ಬಾಯಾಡಿಸುತ್ತಿದ್ದರು. ವರ್ಷಗಳಿಂದ.

ತಬಸ್ಸುಮ್ ಅವನನ್ನು ಮತ್ತೆ ಕೂರಿಸಿ ತಿಳಿಸಿ ಹೇಳಿದರು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿಯೊಂದಿದೆ, ಪಿಟ್ಯುಟರಿ ಅಂತ. ವೃಷಣಗಳಿಗೆ ಕೆಲಸ ಹೇಳುವುದು ಅದೇ. ಈ ಮಾತ್ರೆಯನ್ನು ಒಂದೆರಡು ದಿನ ನುಂಗಿದರೆ ಚಿಂತೆಯಿಲ್ಲ. ತಿಂಗಳುಗಟ್ಟಲೆ ದಿನವೂ ತಿಂದರೆ ಕೆಲವರಲ್ಲಿ ವೃಷಣ ನಿಧಾನವಾಗುತ್ತದೆ. ಆಗ ಗ್ರಂಥಿ ಜೋರು ಮಾಡುತ್ತದೆ, ಹೆಚ್ಚು ಹೆಚ್ಚು ಹಾರ್ಮೋನು ಸುರಿಸಿ ದುಡಿಸುತ್ತದೆ. ಗಂಡು ಹಾರ್ಮೋನು ಹೇಗೋ ಏಗಿಕೊಂಡು ಮಾಮೂಲಿ ಮಟ್ಟದಲ್ಲೇ ಇರುತ್ತದೆ. ಹಾಗಾಗಿ ಕಂಪನಿ ವರ್ಷಕ್ಕೊಮ್ಮೆ ಮಾಡಿಸುವ ರಕ್ತ ಪರೀಕ್ಷೆಯಲ್ಲಿ ಎಲ್ಲ ನಾರ್ಮಲ್ ಅಂತಲೇ ಬರುತ್ತದೆ. ಒಳಗೆ ವೀರ್ಯಾಣುಗಳು ಮಾತ್ರ ಕಡಿಮೆಯಾಗುತ್ತಾ ಹೋಗುತ್ತವೆ. ಪಿಟ್ಯುಟರಿ ಎಷ್ಟು ತಿಂಗಳಿನಿಂದ ಒದ್ದಾಡುತ್ತಿದೆ ಎಂಬುದನ್ನು ಮೈಲಾರಿಯ ಉಗುರು ತುದಿಯಿಂದಲೇ ಹೇಳುತ್ತಿತ್ತು. ಖಾತ್ರಿಗೆಂದು ಅವತ್ತೇ ವೀರ್ಯವನ್ನೂ ಪರೀಕ್ಷಿಸಿದರು. ಉಗುರು ತಪ್ಪು ಹೇಳಿರಲಿಲ್ಲ.

"ಬಿಟ್ರ ಸರಿ ಹೋಗ್ತದೇನ್ರಿ?" ಎಂದು ಕೇಳಿದವಳು ಸುಕನ್ಯಾ.

"ಭಾಳ ಮಂದಿಗೆ ಹೋಗ್ತದವಾ. ಹೊಸಾ ವೀರ್ಯಾಣು ತಯಾರಾಗಾಕ ಎರಡೂವರಿ ತಿಂಗಳು ಬೇಕು. ಮೊದಲ ಬಿಡಬೇಕು."

ಮೈಲಾರಿ ನೆಲ ನೋಡುತ್ತಾ ಅಂದ, "ಬಿಟ್ರ ನನಗ ಭುಜ ಎತ್ತಾಕ ಬರೂದಿಲ್ರಿ."

ಗಂಡನಿಗೆ ಭುಜ ನೋಯುತ್ತದೆ ಎಂಬುದು ಸುಕನ್ಯಾಗೆ ಗೊತ್ತೇ ಇರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಅಲ್ಲಿಯವರೆಗೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟು ಅರ್ಧಕ್ಕರ್ಧ ಇಳಿಯಿತು.

ಆದರೆ ಆ ಭಾನುವಾರ ಹಿರಿಯರು ಕೂಡುವವರಿದ್ದರು. ಮಕ್ಕಳಾಗದ ಸೊಸೆಗೆ ಸೋಡಪತ್ರ, ಅಂದರೆ ಬಿಡುಗಡೆಯ ಪತ್ರ, ಬರೆಸಿ ಕಳಿಸಬೇಕೆಂದು ಮೈಲಾರಿಯ ತಾಯಿ ಪಟ್ಟು ಹಿಡಿದಿದ್ದಳು. ಹೊಸ ಹುಡುಗಿಯನ್ನೂ ನೋಡಿಟ್ಟಾಗಿತ್ತು. ಮನೆಗೆ ಹೋಗುವ ದಾರಿಯಲ್ಲಿ ಮೈಲಾರಿ ಹೆಂಡತಿಯ ಕೈ ಹಿಡಿದುಕೊಂಡು, ಈಗಲೇ ಯಾರಿಗೂ ಹೇಳಬೇಡ, ಹಿರಿಯರ ಮುಂದೆ ನಾನೇ ಬಾಯಿಬಿಟ್ಟು ಹೇಳುತ್ತೇನೆ ಎಂದ. ಅವಳು ನಂಬಿದಳು. ನಂಬುವಂತೆಯೇ ಇತ್ತು ಅವನ ದನಿ.

ಭಾನುವಾರ ಸಮುದಾಯ ಭವನದಲ್ಲಿ ಜಮಖಾನೆ ಹಾಸಿದ್ದರು. ಮುಂದೆ ಹಿರಿಯರು, ಹಿಂದೆ ಗೋಡೆಗೊರಗಿ ಮೈಲಾರಿಯ ಜೊತೆ ಗೋದಾಮಿನಲ್ಲಿ ದುಡಿಯುವ ಹುಡುಗರು. ಮೈಲಾರಿಯ ಸೋದರಮಾವ ಪರಸಪ್ಪ ಮೊಬೈಲು ಎತ್ತಿ ಹಿಡಿದು, ನಮ್ಮ ಹುಡುಗನ ರಿಪೋರ್ಟು ನೋಡಿ, ಕಂಪನಿ ಡಾಕ್ಟರೇ ನಾರ್ಮಲ್ ಅಂದಿದ್ದಾರೆ ಎಂದು ಎಲ್ಲರಿಗೂ ತೋರಿಸಿದ. ಹಿರಿಯರು ತಲೆಯಾಡಿಸಿದರು. ಸುಕನ್ಯಾಳ ಕಡೆಯವರು ಏನಾದರೂ ಹೇಳುವುದಿದೆಯೇ ಎಂದರು. ಸುಕನ್ಯಾ ಗಂಡನ ಮುಖವನ್ನೇ ನೋಡುತ್ತಾ ಕಾದಳು. ಅವನು ಜಮಖಾನೆಯ ದಾರ ಕೀಳುತ್ತಾ ಕೂತಿದ್ದ. ಕೊನೆಗೆ ಅವಳೇ ಎದ್ದು ನಿಂತು, ನದಾಫ್ ಡಾಕ್ಟರು ಏನು ಹೇಳಿದರು ಅಂತ ಇವರನ್ನೇ ಕೇಳಿ ಎಂದಳು.

ಎಲ್ಲರೂ ಅವನ ಕಡೆ ತಿರುಗಿದರು. ಹಿಂದೆ ಕೂತ ಹುಡುಗರು, ತಾಯಿ, ಮಾವ.

"ಅದು ಹೊಸಾ ಮಷೀನ್ ಅದರಿ," ಅಂದ ಮೈಲಾರಿ. "ತಪ್ಪ ತೋರಿಸಿರಬೇಕು."

ಹಿಂದಿನ ಹುಡುಗರಲ್ಲಿ ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲದವರು ಕಡಿಮೆಯಿರಲಿಲ್ಲ. ಅವರ ಹೆಂಡತಿಯರೂ ಇದೇ ಸುಕನ್ಯಾಳ ಹಾಗೆ ಆಸ್ಪತ್ರೆ ಆಸ್ಪತ್ರೆ ಅಲೆದವರು. ಒಬ್ಬನಾದರೂ ಎದ್ದು, ಯಾವ ಮಷೀನು, ಏನು ತೋರಿಸಿತು ಎಂದು ಕೇಳಬಹುದಿತ್ತು. ಮಣ ಭಾರ ಎತ್ತುವ ಗಂಡಸರಿಗೆ ಒಂದು ಪ್ರಶ್ನೆ ಎತ್ತಲಾಗಲಿಲ್ಲ.

ಸುಕನ್ಯಾ ಪತ್ರ ಬರೆಯಲು ಕೂತಿದ್ದ ಹಿರಿಯರ ಮುಂದೆ ಬಂದು ಕೂತಳು.

"ಬರೀರಿ. ಈಗ ಸೋಡಪತ್ರ ನಾ ಕೇಳಾಕತ್ತೀನಿ. ಆದ್ರ ಕಾರಣ ನಾ ಹೇಳಿದ್ದನ್ನ ಬರೀಬೇಕು. ಬಂಜಿ ಅಂತ ಬರದ್ರ ಇಲ್ಲೇ ಹರದ ಒಗೀತೀನಿ."

"ಮತ್ತೇನಂತ ಬರೀಬೇಕವಾ?"

"ಗಂಡಗ ಬಾಯಿ ಇಲ್ಲ ಅಂತ ಬರೀರಿ."

ಪರಸಪ್ಪ ರೇಗಿದ. ತಾಯಿ ಎದೆ ಬಡಿದುಕೊಂಡಳು. ಸುಕನ್ಯಾ ಕದಲಲಿಲ್ಲ. ಬರೆಯದೆ ಅವಳು ಏಳುವಂತೆ ಕಾಣಲಿಲ್ಲವಾದ್ದರಿಂದ ಹಿರಿಯರು ಕೊನೆಗೆ ಹಾಗೆಯೇ ಬರೆದುಕೊಟ್ಟರು. ಅದನ್ನು ಕೈಯಲ್ಲಿ ಹಿಡಿದು ಅವಳು ಹೊರಗೆ ನಡೆದಳು.

ಆಮೇಲೆ ಆದದ್ದನ್ನು ನೆನೆದರೆ ಸಿಟ್ಟು ಇನ್ನೂ ಏರುತ್ತದೆ. ತಬಸ್ಸುಮ್ ಕಳಿಸಿದ ವರದಿ ನೋಡಿಯೂ ಕಂಪನಿ ಗೇಟಿನ ಬಳಿಯ ಡಬ್ಬಿ ತೆಗೆಸಲಿಲ್ಲ. ಕೆಲಸಗಾರರು ತಮ್ಮಿಷ್ಟದಿಂದ ತಿನ್ನುತ್ತಾರೆ ಎಂದು ಹೇಳಿ ಕೈತೊಳೆದುಕೊಂಡಿತು. ಹುಡುಗರು ಒಬ್ಬೊಬ್ಬರಾಗಿ, ಟೋಪಿ ಹಣೆಗೆ ಎಳೆದುಕೊಂಡು, ದವಾಖಾನೆಯ ಹಿಂಬಾಗಿಲಿಗೆ ಬರತೊಡಗಿದರು. ಬಂದವರಿಗೆಲ್ಲ ತಬಸ್ಸುಮ್ ಒಂದೇ ಮಾತು ಹೇಳಿದರು: ಮುಂಬಾಗಿಲಿನಿಂದ ಬಾ, ಹೆಂಡತಿಯನ್ನು ಕರಕೊಂಡು ಬಾ. ಕೆಲವರು ಬಂದರು. ಹೆಚ್ಚಿನವರು ಬರಲಿಲ್ಲ.

ಇದೆಲ್ಲ ನಡೆಯುವುದಕ್ಕೆ ಇನ್ನೂ ಮೂರು ದಶಕ ಬಾಕಿಯಿದೆ. ಉಗುರುಗನ್ನಡಿ ಇನ್ನೂ ಹುಟ್ಟಿಲ್ಲ. ಆದರೆ ಮಾತ್ರೆ ಇದೆ, ಅದನ್ನು ದಿನವೂ ನುಂಗುವವರಿದ್ದಾರೆ, ಅದರ ಬಗ್ಗೆ ಅನುಮಾನವೂ ಇದೆ. ಕೆಲವು ಸಣ್ಣ ಅಧ್ಯಯನಗಳು ಆ ಅನುಮಾನ ಎತ್ತಿವೆ. ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಸಿಗಬೇಕಾದರೆ ಗಂಡಸರನ್ನು ಪರೀಕ್ಷೆಗೆ ಕೂರಿಸಬೇಕು, ಅವರು ಕೂರಬೇಕು. ಇವತ್ತು ಬೆಳಗ್ಗೆ ಯಾವುದಾದರೂ ಊರಿನ ಸಂತಾನ ಚಿಕಿತ್ಸಾಲಯಕ್ಕೆ ಹೋಗಿ ನೋಡಿ. ಒಳಗೆ ಮಂಚದ ಮೇಲೆ ಮಲಗಿರುವವಳು ಹೆಂಡತಿ. ಗಂಡ ಗಾಡಿ ನಿಲ್ಲಿಸಿ ಬರುತ್ತೇನೆಂದು ಹೋದವನು ಇನ್ನೂ ಒಳಗೆ ಬಂದಿಲ್ಲ.